ಬೀಜ ಕಂಪನಿಯ ಕೊಡುಗೆ ಒಪ್ಪುವ ಮುನ್ನ ಪೊಟ್ಟಣದ ಚೀಟಿ ಓದಿ

ಮುಂಗಾರಿಗೆ ಮೊದಲು ತರಕಾರಿ ಬೀಜದ ಕಂಪನಿಗಳು ಹೊಸ ತಳಿಗಳ ಸುದ್ದಿಯ ಜೊತೆಗೆ ‘ಹತ್ತು ಪೊಟ್ಟಣಕ್ಕೆ ಒಂದು ಉಚಿತ’ ಎಂಬಂಥ ಕೊಡುಗೆಗಳನ್ನೂ ಚಿಲ್ಲರೆ ಅಂಗಡಿಗಳಿಗೆ ತಿಳಿಸುತ್ತವೆ. ಲಾಭದ ಲೆಕ್ಕ ಹಾಕುವ ಮುನ್ನ ಚೀಟಿಯ ಮೇಲಿನ ಲಾಟ್ ಸಂಖ್ಯೆ (ಬೀಜ ಯಾವ ತಂಡದ್ದೆಂದು ಗುರುತಿಸುವ ಸಂಖ್ಯೆ), ಪರೀಕ್ಷೆಯ ದಿನಾಂಕ ಮತ್ತು ಅವಧಿ ಮುಗಿಯುವ ದಿನಾಂಕವನ್ನು ನೋಡಿಕೊಳ್ಳಿ. ಬೀಜದ ಮಾನ್ಯತೆಯ ಮೊದಲ ಅವಧಿ ಸಾಮಾನ್ಯವಾಗಿ ಪರೀಕ್ಷೆಯ ದಿನದಿಂದ 9 ತಿಂಗಳು ಮಾತ್ರ ಇರುವುದರಿಂದ, ದೊಡ್ಡ ರಿಯಾಯಿತಿಯ ಹಿಂದೆ ಅವಧಿ ಮುಗಿಯಲಿರುವ ಹಳೆಯ ದಾಸ್ತಾನು ಇರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ.

ಈರುಳ್ಳಿ ಬೀಜದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಸೆಕೆ ಮತ್ತು ತೇವಕ್ಕೆ ಅದರ ಮೊಳೆಯುವ ಶಕ್ತಿ ಬಹುಬೇಗ ಕುಗ್ಗುತ್ತದೆ. ತಗಡಿನ ಚಾವಣಿಯ ಅಂಗಡಿಯಲ್ಲಿ ಒಂದು ಬೇಸಿಗೆ ಕಳೆದ ಪೊಟ್ಟಣವನ್ನು ನಾನಂತೂ ನಂಬುವುದಿಲ್ಲ. ಸಂಶಯವಿದ್ದರೆ 100 ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಟ್ಟೆ ಒಣಗದಂತೆ ನೋಡಿಕೊಂಡು, ಹನ್ನೆರಡು ದಿನಗಳಲ್ಲಿ ಎಷ್ಟು ಮೊಳೆತವೆಂದು ಎಣಿಸಬಹುದು. ಪ್ರಮಾಣಿತ ಈರುಳ್ಳಿ ಬೀಜಕ್ಕೆ ಕನಿಷ್ಠ ಶೇ. 70 ಮೊಳಕೆ ಇರಬೇಕೆಂಬ ಮಾನದಂಡವಿದೆ.

ಮಾರಾಟವಾಗದ ಸರಕನ್ನು ಕಂಪನಿ ಹಿಂಪಡೆಯುತ್ತದೆಯೇ, ಯಾವ ದಿನಾಂಕದೊಳಗೆ ಎಂಬುದನ್ನು ಪ್ರತಿನಿಧಿಯಿಂದ ಬರಹದಲ್ಲಿಯೇ ಪಡೆಯಿರಿ. 1983ರ ಬೀಜ (ನಿಯಂತ್ರಣ) ಆದೇಶದ ಪ್ರಕಾರ ಮಾರಾಟಗಾರರು ಪರವಾನಗಿ ಹೊಂದಿರಬೇಕು, ದಾಸ್ತಾನು ಹಾಗೂ ದರಪಟ್ಟಿಯನ್ನು ಅಂಗಡಿಯಲ್ಲಿ ಪ್ರದರ್ಶಿಸಬೇಕು ಮತ್ತು ಕೊಂಡವರಿಗೆ ರಸೀದಿ ಕೊಡಬೇಕು. ಉಚಿತವಾಗಿ ಬಂದ ಪೊಟ್ಟಣಗಳನ್ನೂ ದಾಸ್ತಾನು ಪುಸ್ತಕದಲ್ಲಿ ಲಾಟ್ ಸಂಖ್ಯೆಯೊಡನೆ ಬರೆದಿಟ್ಟರೆ, ರೈತರು ದೂರು ತಂದಾಗ ಮೂಲವನ್ನು ಹುಡುಕುವುದು ಸುಲಭವಾಗುತ್ತದೆ.