ಎಫ್‌ಟಿಪಿ ಸರ್ವರ್ ಕೊಡೋ ಫೈಲ್ ಪಟ್ಟಿನ ಪ್ರೋಗ್ರಾಮ್‌ನಲ್ಲಿ ಸರಿಯಾಗಿ ಓದೋದು ಹೇಗೆ

ಒಂದು ಜನವರಿ 5ನೇ ತಾರೀಕು ಬೆಳಿಗ್ಗೆ ಗಿರಾಕಿಯೊಬ್ರು ಫೋನ್ ಮಾಡಿ "ಸರ್, ನಾಲ್ಕು ದಿನದಿಂದ ಹೊಸ ರೇಟೇ ಬಂದಿಲ್ಲ, ಅಂಗಡೀಲಿ ಹಳೇ ರೇಟಿಗೇ ಬಿಲ್ ಆಗ್ತಿದೆ" ಅಂದ್ರು. ನಾನು ಬರೆದುಕೊಟ್ಟಿದ್ದ ಸ್ಕ್ರಿಪ್ಟು ದಿನಾ ರಾತ್ರಿ ಒಂದು ಎಫ್‌ಟಿಪಿ (ನೆಟ್‌ವರ್ಕ್ ಮೇಲೆ ಫೈಲ್ ಸಾಗಿಸೋ ವಿಧಾನ) ಸರ್ವರ್‌ಗೆ ಹೋಗಿ, ಅಲ್ಲಿರೋ ಫೈಲ್‌ಗಳ ಪಟ್ಟಿ ತಗೊಂಡು, ಹಿಂದಿನ ಸಲಕ್ಕಿಂತ ಹೊಸದು ಯಾವುದಿದ್ಯೋ ಅದನ್ನ ಮಾತ್ರ ಇಳಿಸ್ಕೊಂಡು ಬರ್ಬೇಕಿತ್ತು. ಎಂಟು ತಿಂಗಳು ಸರಿಯಾಗೇ ನಡೆದಿತ್ತು. ಹುಡುಕಿದಾಗ ತಪ್ಪು ಸಿಕ್ಕಿದ್ದು ಪಟ್ಟಿಯ ಒಂದು ಸಾಲಲ್ಲಿ, ಡಿಸೆಂಬರ್ 31, 23:50 ಅಂತಿತ್ತು, ವರ್ಷ ಇರ್ಲಿಲ್ಲ. ಜನವರಿ 1ರ ಬೆಳಗಿನ ಜಾವ ಓಡಿದ ಸ್ಕ್ರಿಪ್ಟು ಅದಕ್ಕೆ ಹೊಸ ವರ್ಷ ಸೇರಿಸಿತ್ತು, ಹಾಗಾಗಿ ಆ ಫೈಲು ಮುಂದಿನ ಡಿಸೆಂಬರ್‌ದು ಅಂತಾಯ್ತು, ಅದನ್ನೇ 'ಕೊನೆಗೆ ನೋಡಿದ್ದು' ಅಂತ ಬರೆದಿಟ್ಕೊಂಡಿತ್ತು, ಆಮೇಲೆ ಬಂದ ಫೈಲೆಲ್ಲಾ ಅದಕ್ಕೆ ಹಳೇದಾಗೇ ಕಾಣ್ತಿತ್ತು.

ಈ ಕೆಲಸ ಈಗ್ಲೂ ಎಷ್ಟೋ ಕಡೆ ನಡೀತಿದೆ. 2021ರಲ್ಲಿ ಕ್ರೋಮ್, ಫೈರ್‌ಫಾಕ್ಸ್ ಎರಡೂ ಎಫ್‌ಟಿಪಿ ತೆಗೆದುಹಾಕಿದ್ವು ನಿಜ, ಆದ್ರೆ ಕಂಪ್ನಿ ಕಂಪ್ನಿ ನಡುವೆ ರಾತ್ರಿ ಹೊತ್ತು ಫೈಲ್ ಸಾಗಿಸೋ ಸ್ಕ್ರಿಪ್ಟುಗಳು ನಿಂತಿಲ್ಲ. ಅದಕ್ಕೇ ಬಿಡಿಸಿ ಬರೀತಿದೀನಿ.

ಮೊದ್ಲು ತೊಂದ್ರೆ ಎಲ್ಲಿದೆ ಅಂತ ತಿಳ್ಕೊಳಿ

ಎಫ್‌ಟಿಪಿಯ ಮೊದಲ ಕರಡು, ಆರ್‌ಎಫ್‌ಸಿ 114 (ಇಂಟರ್ನೆಟ್ ನಿಯಮಗಳನ್ನ ಬರೆದಿಡೋ ದಾಖಲೆಗಳಿಗೆ ಆರ್‌ಎಫ್‌ಸಿ ಅಂತಾರೆ), ಬಂದಿದ್ದು 1971ರ ಏಪ್ರಿಲ್‌ನಲ್ಲಿ. ಬರೆದವರು ಅಭಯ್ ಭೂಷಣ್, ಐಐಟಿ ಕಾನ್ಪುರದ ಮೊದಲ ಬ್ಯಾಚಿನವರು, ಆಗ ಅಮೆರಿಕದ ಎಂಐಟೀಲಿದ್ರು. ಇವತ್ತಿಗೂ ಬಳಕೇಲಿರೋ ನಿಯಮ 1985ರ ಆರ್‌ಎಫ್‌ಸಿ 959. ಅದ್ರಲ್ಲಿ ಪಟ್ಟಿ ಕೇಳೋಕೆ ಲಿಸ್ಟ್ ಅನ್ನೋ ಕಮಾಂಡ್ ಇದೆ, ಆದ್ರೆ ಉತ್ತರ ಯಾವ ರೂಪದಲ್ಲಿರ್ಬೇಕು ಅಂತ ಎಲ್ಲೂ ಹೇಳಿಲ್ಲ. ಒಂದೊಂದು ಸಿಸ್ಟಮ್‌ನಲ್ಲಿ ಒಂದೊಂದು ಥರ ಇರ್ಬೋದು, ಪ್ರೋಗ್ರಾಮ್ ಇದನ್ನ ಬಳಸೋದು ಕಷ್ಟ, ಮನುಷ್ಯರಿಗೆ ಉಪಯೋಗಕ್ಕೆ ಬರತ್ತೆ ಅಂತ ಅದೇ ನಿಯಮ ಒಪ್ಕೊಳ್ಳತ್ತೆ. ಅಂದ್ರೆ ಕಣ್ಣಲ್ಲಿ ಓದೋಕೆ ಅಂತ ಬಂದ ಪಟ್ಟಿನ ನಾವು ಕೋಡ್ ಕೈಲಿ ಓದಿಸ್ತಿದೀವಿ.

1ನೇ ಹೆಜ್ಜೆ: ಲಿಸ್ಟ್ ಬಿಟ್ಟು ಎಂಎಲ್‌ಎಸ್‌ಡಿ ಸಿಗತ್ತಾ ನೋಡಿ

2007ರ ಆರ್‌ಎಫ್‌ಸಿ 3659ರಲ್ಲಿ ಪ್ರೋಗ್ರಾಮ್‌ಗಳಿಗೆ ಅಂತಲೇ ಎಂಎಲ್‌ಎಸ್‌ಡಿ ಕಮಾಂಡ್ ಬಂತು. ಲಾಗಿನ್ ಆದ್ಮೇಲೆ ಫೀಟ್ ಅಂತ ಕಳಿಸಿದ್ರೆ ಸರ್ವರ್ ತನಗೆ ಏನೇನ್ ಬರತ್ತೆ ಅಂತ ಹೇಳತ್ತೆ. ಆ ಉತ್ತರದಲ್ಲಿ ಎಂಎಲ್‌ಎಸ್‌ಡಿ ಅಂತ ಹುಡುಕ್ಬೇಡಿ, ಎಂಎಲ್‌ಎಸ್‌ಟಿ (ಒಂದೇ ಫೈಲಿನ ವಿವರ ಕೇಳೋ ಜೋಡಿ ಕಮಾಂಡು) ಅಂತ ಸಾಲಿರತ್ತೆ, ಅದಿದ್ರೆ ಎರಡೂ ಇದೆ ಅಂತ ಅರ್ಥ. ಇದು ಗೊತ್ತಿಲ್ದೆ ಎಷ್ಟೋ ಜನ ಇಲ್ಲ ಅಂದ್ಕೊಂಡು ಲಿಸ್ಟ್‌ಗೆ ಹೋಗ್ತಾರೆ. ಸಾಲು ಹೀಗ್ ಬರತ್ತೆ (ಇಲ್ಲಿ ಎಲ್ಲಾನೂ ಕನ್ನಡ ಅಕ್ಷರದಲ್ಲೇ ಬರೀತಿದೀನಿ):

ಟೈಪ್=ಫೈಲ್;ಸೈಜ್=20480;ಮಾಡಿಫೈ=20241231182000; ರೇಟ್ ಪಟ್ಟಿ.ಸಿಎಸ್‌ವಿ

ಮೊದಲನೇ ಸ್ಪೇಸ್ ಎಲ್ಲಿದೆ ನೋಡಿ ಅಲ್ಲಿ ಮಾತ್ರ ಕತ್ತರಿಸಿ. ಎಡಗಡೆದು ವಿವರ, ಅದನ್ನ ಸೆಮಿಕೋಲನ್‌ನಲ್ಲಿ ಬಿಡಿಸ್ಬೇಕು, ಬಲಗಡೆ ಉಳಿದಿದ್ದಷ್ಟೂ ಹೆಸರು, ಅದ್ರೊಳಗೆ ಸ್ಪೇಸ್ ಇರ್ಲಿ ಸೆಮಿಕೋಲನ್ ಇರ್ಲಿ ಮುಟ್ಬೇಡಿ. ಟೈಪ್, ಸೈಜ್ ಅನ್ನೋವು ದೊಡ್ಡಕ್ಷರದಲ್ಲೂ ಬರ್ಬೋದು ಚಿಕ್ಕಕ್ಷರದಲ್ಲೂ ಬರ್ಬೋದು. ಮಾಡಿಫೈ ಅಂದ್ರೆ ಫೈಲು ಕೊನೆಗೆ ಬದಲಾದ ಟೈಮು, ಅದು ಯಾವಾಗ್ಲೂ ಯುಟಿಸಿ (ಲೋಕಕ್ಕೆಲ್ಲಾ ಒಂದೇ ಆದ ಟೈಮು), ಮೇಲಿರೋ 18:20ಕ್ಕೆ ಐದೂವರೆ ಗಂಟೆ ಸೇರಿಸಿದ್ರೆ ನಮ್ಮ 23:50, ವರ್ಷನೂ ಜೊತೆಗೇ ಇದೆ. ಸಿಡಿಐಆರ್, ಪಿಡಿಐಆರ್ ಅನ್ನೋ ಟೈಪ್ ಬಂದ್ರೆ ಬಿಟ್ಬಿಡಿ, ಅವು ಇದೇ ಫೋಲ್ಡರ್ ಮತ್ತೆ ಇದರ ಮೇಲಿನ ಫೋಲ್ಡರ್, ಒಳಗೊಳಗೆ ಹೋಗೋ ಕೋಡ್ ಬರೆದಿದ್ರೆ ಅಲ್ಲೇ ಸುತ್ತು ಹೊಡೀತಾ ಇರತ್ತೆ. ಪೈಥಾನ್ ಭಾಷೇಲಾದ್ರೆ ಅದರ ಜೊತೆಗೇ ಬರೋ ಎಫ್‌ಟಿಪಿಲಿಬ್ ಲೈಬ್ರರೀಲಿ 3.3ನೇ ವರ್ಷನ್‌ನಿಂದಲೇ ಎಂಎಲ್‌ಎಸ್‌ಡಿ ಇದೆ.

2ನೇ ಹೆಜ್ಜೆ: ಸಿಗ್ಲಿಲ್ಲ ಅಂದ್ರೆ ಸಾಲಿನ ಮುಖ ನೋಡಿ ಗುರುತು ಹಿಡೀರಿ

ಸಿಸ್ಟ್ ಕಮಾಂಡ್ ಕೊಟ್ರೆ ಸರ್ವರ್ ತಾನು ಯುನಿಕ್ಸೋ ವಿಂಡೋಸೋ ಅಂತ ಹೇಳತ್ತೆ, ಆದ್ರೆ ಅದನ್ನ ನಂಬ್ಕೊಂಡು ಕೂರ್ಬೇಡಿ, ವಿಂಡೋಸ್ ಮೇಲೆ ಓಡ್ತಿರೋ ಸರ್ವರ್ ಕೂಡ ಯುನಿಕ್ಸ್ ಥರ ಪಟ್ಟಿ ಕೊಡ್ಬೋದು. ಸಾಲಿನ ಮೊದಲ ಅಕ್ಷರ ನೋಡೋದೇ ವಾಸಿ. ಅಂಕಿ ಇದ್ರೆ ವಿಂಡೋಸ್ ಥರದ್ದು. ಅಡ್ಡಗೆರೆ, ಡಿ ಅಥವಾ ಎಲ್ ಇದ್ರೆ ಯುನಿಕ್ಸ್ ಥರದ್ದು, ಅಡ್ಡಗೆರೆ ಅಂದ್ರೆ ಫೈಲು, ಡಿ ಅಂದ್ರೆ ಫೋಲ್ಡರ್, ಎಲ್ ಅಂದ್ರೆ ಲಿಂಕು. ಪ್ಲಸ್ ಚಿಹ್ನೆ ಇದ್ರೆ ಅದು ಡಿ. ಜೆ. ಬರ್ನ್‌ಸ್ಟೈನ್ ಅನ್ನೋ ಪ್ರೋಗ್ರಾಮರ್ ಮಾಡಿದ ಇಪಿಎಲ್‌ಎಫ್ ಅನ್ನೋ ಪಟ್ಟಿ ರೂಪ, ಈಗ ಅಪರೂಪ. 'ಟೋಟಲ್ 24' ಅನ್ನೋ ಥರ ಮೊದಲ ಸಾಲು ಬಂದ್ರೆ ಅದು ಫೈಲಲ್ಲ, ಬಿಡಿ.

3ನೇ ಹೆಜ್ಜೆ: ಯುನಿಕ್ಸ್ ಸಾಲು

-ಆರ್‌ಡಬ್ಲ್ಯೂ-ಆರ್--ಆರ್-- 1 ಸೇಲ್ಸ್ ಸ್ಟಾಫ್ 20480 ಡಿಸೆಂಬರ್ 31 23:50 ರೇಟ್ ಪಟ್ಟಿ.ಸಿಎಸ್‌ವಿ

ಎಡದಿಂದ ಪರ್ಮಿಷನ್, ಲಿಂಕ್ ಎಣಿಕೆ, ಓನರ್, ಗ್ರೂಪ್, ಸೈಜು, ತಿಂಗಳು, ದಿನ, ಟೈಮು ಇಲ್ಲಾ ವರ್ಷ, ಆಮೇಲೆ ಹೆಸರು. ಸ್ಪೇಸ್ ಇದ್ದ ಕಡೆಯೆಲ್ಲಾ ಕತ್ತರಿಸಿದ್ರೆ 'ರೇಟ್ ಪಟ್ಟಿ' ಎರಡು ತುಂಡಾಗತ್ತೆ, ಅದಕ್ಕೇ ಎಂಟು ಸಲ ಮಾತ್ರ ಕತ್ತರಿಸಿ ಉಳಿದಿದ್ದನ್ನ ಹೆಸರು ಅಂತ ಇಟ್ಕೊಳಿ. ಕೆಲವು ಸರ್ವರ್ ಗ್ರೂಪ್ ಕಾಲಮ್ಮೇ ಕೊಡಲ್ಲ, ಆಗ ಈ ಲೆಕ್ಕ ತಪ್ಪತ್ತೆ. ನಾನೀಗ ಎಡದಿಂದ ಎಣಿಸೋದೇ ಇಲ್ಲ, ಒಂದು ಅಂಕಿ, ಅದಾದ್ಮೇಲೆ ತಿಂಗಳ ಹೆಸರು, ಅದಾದ್ಮೇಲೆ ದಿನ, ಆಮೇಲೆ ಟೈಮೋ ವರ್ಷವೋ, ಈ ನಾಲ್ಕೂ ಒಟ್ಟಿಗೆ ಬರೋ ಜಾಗನ ರೆಗ್ಯುಲರ್ ಎಕ್ಸ್‌ಪ್ರೆಶನ್ (ಅಕ್ಷರಗಳ ಮಾದರಿ ಕೊಟ್ಟು ಹುಡುಕೋ ವಿಧಾನ) ಬಳಸಿ ಹಿಡೀತೀನಿ, ಆಮೇಲೆ ಸರಿಯಾಗಿ ಒಂದೇ ಸ್ಪೇಸ್ ಬಿಟ್ಟು ಮಿಕ್ಕಿದ್ದು ಹೆಸರು. ಲಿಂಕ್ ಆಗಿದ್ರೆ ಮಾತ್ರ ಬಾಣದ ಗುರುತು ಆದ್ಮೇಲೆ ಇರೋದು ಅದು ತೋರಿಸ್ತಿರೋ ಜಾಗ. ಸಾಲಿನ ಕೊನೇಲಿ ಸಾಲು ಮುರಿಯೋ ಎರಡು ಗುರುತು ಮಾತ್ರ ತೆಗೀರಿ, ಎಲ್ಲಾ ಸ್ಪೇಸ್ ಒರೆಸಿದ್ರೆ ಕೊನೇಲಿ ಸ್ಪೇಸ್ ಇರೋ ಹೆಸರು ಹಾಳಾಗತ್ತೆ, ಆ ಫೈಲ್ ಕೇಳಿದ್ರೆ ಸರ್ವರ್ ಇಲ್ಲ ಅನ್ನತ್ತೆ.

ಇನ್ನು ತಾರೀಕು, ನನ್ನ ನಾಲ್ಕು ದಿನ ತಿಂದಿದ್ದು ಇದೇ. ಸುಮಾರು ಆರು ತಿಂಗಳೊಳಗಿನ ಫೈಲಾದ್ರೆ ಟೈಮ್ ತೋರ್ಸತ್ತೆ, ಅದಕ್ಕಿಂತ ಹಳೇದಾದ್ರೆ ಟೈಮಿನ ಜಾಗದಲ್ಲಿ ವರ್ಷ. ವರ್ಷ ಇಲ್ಲ ಅಂದ್ರೆ ಮೊದ್ಲು ಈ ವರ್ಷ ಹಾಕಿ ನೋಡಿ, ಅದು ಈಗಿನ ಹೊತ್ತಿಗಿಂತ ಒಂದು ದಿನಕ್ಕೂ ಹೆಚ್ಚು ಮುಂದೆ ಹೋದ್ರೆ ಒಂದು ವರ್ಷ ಕಳೀರಿ. ಆ ಒಂದು ದಿನದ ಸಡಿಲ ಯಾಕಂದ್ರೆ ಸರ್ವರ್ ಗಡಿಯಾರ ಯಾವ ದೇಶದ್ದು ಅಂತ ಲಿಸ್ಟ್‌ನಲ್ಲಿ ಇರಲ್ಲ, ವಿಎಸ್‌ಎಫ್‌ಟಿಪಿಡಿ ಅನ್ನೋ ಸರ್ವರ್ ಸಾಫ್ಟ್‌ವೇರ್ ಸುಮ್ನೆ ಬಿಟ್ರೆ ಜಿಎಂಟಿ (ಅಂದ್ರೆ ಯುಟಿಸಿ ಟೈಮೇ) ಕೊಡತ್ತೆ, ಬೇರೆಯವು ತಮ್ಮೂರ ಟೈಮ್ ಕೊಡ್ಬೋದು. ಸರಿಯಾದ ಟೈಮು ಬೇಕೇ ಬೇಕು ಅಂದ್ರೆ ಎಂಡಿಟಿಎಂ ಕಮಾಂಡ್ ಯುಟಿಸಿಲಿ ಸೆಕೆಂಡ್ ಸಮೇತ ಕೊಡತ್ತೆ, ಆದ್ರೆ ಒಂದೊಂದು ಫೈಲಿಗೂ ಒಂದೊಂದು ಸಲ ಕೇಳ್ಬೇಕು, 5000 ಫೈಲಿದ್ರೆ ಬೆಳಗಾಗತ್ತೆ.

ಫೆಬ್ರವರಿ 29 ಇನ್ನೊಂದು. ಪೈಥಾನ್‌ಗೆ ವರ್ಷ ಕೊಡ್ದೆ ತಾರೀಕು ಓದು ಅಂದ್ರೆ ಅದು 1900 ಅಂತ ಅಂದ್ಕೊಳ್ಳತ್ತೆ, 1900 ಅಧಿಕ ವರ್ಷ ಅಲ್ಲ, ಎರರ್ ಬಂದು ನಿಲ್ಲತ್ತೆ. ಅದಕ್ಕೆ ಮೊದ್ಲು ವರ್ಷ ಅಂಟಿಸಿ, ಆಮೇಲೆ ಓದಿಸಿ.

4ನೇ ಹೆಜ್ಜೆ: ವಿಂಡೋಸ್ ಸಾಲು

ಇದು ಸುಲಭ, 12-31-24, 11:50ಪಿಎಂ, ಸೈಜು, ಹೆಸರು ಅಷ್ಟೇ. ಫೋಲ್ಡರ್ ಆದ್ರೆ ಸೈಜ್ ಜಾಗದಲ್ಲಿ ಡಿಐಆರ್ ಅಂತಿರತ್ತೆ. ಆದ್ರೆ ತಿಂಗಳು ಮೊದ್ಲು ದಿನ ಆಮೇಲೆ! 03-04-24 ಅಂದ್ರೆ ನಮಗೆ ಏಪ್ರಿಲ್ 3, ಆ ಸರ್ವರ್‌ಗೆ ಮಾರ್ಚ್ 4. ತಿಂಗಳ ಮೊದಲ 12 ದಿನ ಯಾವ ಎರರೂ ಬರ್ದೆ ತಪ್ಪು ತಾರೀಕು ಒಳಗೆ ಹೋಗತ್ತೆ. 12:05ಎಎಂ ಅಂದ್ರೆ 00:05 ಅನ್ನೋದೂ ನೆನಪಿರ್ಲಿ.

5ನೇ ಹೆಜ್ಜೆ: ಕನ್ನಡ ಹೆಸರಿನ ಫೈಲುಗಳು

ನಮ್ಮವರು ಫೈಲಿಗೆ ಕನ್ನಡದಲ್ಲೇ ಹೆಸರಿಡ್ತಾರೆ, ಇಡ್ಬೇಕು ಕೂಡ. ಯುಟಿಎಫ್-8ರಲ್ಲಿ (ಎಲ್ಲಾ ಭಾಷೆ ಅಕ್ಷರಗಳನ್ನ ಬೈಟುಗಳಾಗಿ ಬರೆಯೋ ಪದ್ಧತಿ, ಇಂಥದ್ದಕ್ಕೆ ಎನ್‌ಕೋಡಿಂಗ್ ಅಂತಾರೆ) 'ಕ' ಅಂದ್ರೆ 3 ಬೈಟು, ಅದನ್ನ ಲ್ಯಾಟಿನ್-1 (ಯುರೋಪಿನ ಅಕ್ಷರಗಳಿಗಷ್ಟೇ ಇರೋ ಹಳೇ ಪದ್ಧತಿ) ಅಂತ ಓದಿದ್ರೆ ಮೂರು ವಿಚಿತ್ರ ಅಕ್ಷರ ಆಗತ್ತೆ. ಪೈಥಾನ್ 3.9ಕ್ಕಿಂತ ಮುಂಚೆ ಎಫ್‌ಟಿಪಿಲಿಬ್ ಹಾಗೇ ಓದ್ತಿತ್ತು, ಹಳೇ ವರ್ಷನ್ ಇದ್ರೆ ಎನ್‌ಕೋಡಿಂಗ್ ನೀವೇ ಬದಲಿಸ್ಬೇಕು. ಇನ್ನೊಂದು ಸೂಕ್ಷ್ಮ: ಅರ್ಧಾಕ್ಷರ ಸರಿಯಾಗಿ ಬರ್ಲಿ ಅಂತ ನಾವು ಹಾಕೋ ಕಣ್ಣಿಗೆ ಕಾಣದ ಗುರುತು ಇದ್ಯಲ್ಲ, 'ಬಿಲ್' ಕೊನೇಲಿ ಅದು ಇದ್ರೂ ಇಲ್ದಿದ್ರೂ ನೋಡೋಕೆ ಒಂದೇ, ಸರ್ವರ್‌ಗೆ ಮಾತ್ರ ಎರಡು ಬೇರೆ ಫೈಲು. ಹಾಗಾಗಿ ಹೆಸರನ್ನ 'ಕ್ಲೀನ್' ಮಾಡೋಕೆ ಹೋಗ್ಬೇಡಿ, ಬಂದ ಹಾಗೇ ವಾಪಸ್ ಕಳಿಸಿ.

6ನೇ ಹೆಜ್ಜೆ: ಅರ್ಥ ಆಗ್ದಿರೋ ಸಾಲು ಬಂದ್ರೆ

ಸುಮ್ನೆ ದಾಟಿ ಹೋಗ್ಬೇಡಿ, ದಯವಿಟ್ಟು. ಆ ಸಾಲನ್ನ ಹಾಗೇ ಲಾಗ್‌ನಲ್ಲಿ ಬರೆದು ಯಾರಿಗಾದ್ರೂ ಮೆಸೇಜ್ ಹೋಗೋ ಹಾಗೆ ಮಾಡಿ. ಹಾಗೇನೇ, ಕಳಿಸೋರು ಇನ್ನೂ ಅಪ್‌ಲೋಡ್ ಮಾಡ್ತಿರುವಾಗ್ಲೇ ಫೈಲು ಪಟ್ಟೀಲಿ ಕಾಣತ್ತೆ, ಅದಕ್ಕೆ ಒಂದೆರಡು ನಿಮಿಷ ಬಿಟ್ಟು ಇನ್ನೊಂದ್ಸಲ ಪಟ್ಟಿ ತಗೊಂಡು ಸೈಜ್ ಅಷ್ಟೇ ಇದ್ರೆ ಮಾತ್ರ ಇಳಿಸ್ಕೊಳಿ.

ಟೆಸ್ಟ್ ಮಾಡೋವಾಗ 'ಈಗ ಎಷ್ಟೊತ್ತು' ಅನ್ನೋದನ್ನ ಕೋಡ್ ತಾನೇ ಗಡಿಯಾರ ನೋಡಿ ತಗೊಳೋ ಬದ್ಲು ನೀವು ಹೊರಗಿಂದ ಕೊಡೋ ಹಾಗೆ ಬರೀರಿ, ಆಗ ಆಗಸ್ಟ್‌ನಲ್ಲೇ ಕೂತು ಜನವರಿ 1ರ ಬೆಳಗಿನ ಜಾವ ಏನಾಗತ್ತೆ ಅಂತ ನೋಡ್ಬೋದು. ನನ್ನ ಟೆಸ್ಟ್ ಫೈಲಲ್ಲಿ ಈಗ ಡಿಸೆಂಬರ್ 31, 23:50ರ ಆ ಸಾಲು ಎಲ್ಲಕ್ಕಿಂತ ಮೇಲಿದೆ, ಅದರ ಕೆಳಗೆ ಫೆಬ್ರವರಿ 29.