ಹಾಸನದಿಂದ ಲಂಡನ್‌ಗೆ ಎಷ್ಟು ದೂರ, ಎಷ್ಟು ಹೊತ್ತು? ಲೆಕ್ಕ ಹಾಕುವ ಬಗೆ

ಮಗಳ ಮನೆಗೋ ಮಗನ ಮನೆಗೋ ಮೊದಲ ಸಲ ಹೊರದೇಶಕ್ಕೆ ಹೊರಟ ಹಿರಿಯರು ಕೇಳುವುದು ಒಂದೇ ಪ್ರಶ್ನೆ: ವಿಮಾನದಲ್ಲಿ ಎಷ್ಟು ಹೊತ್ತು ಕೂರಬೇಕು? ಬೆಂಗಳೂರಿನಲ್ಲಿ ಬೆಳಿಗ್ಗೆ 7ಕ್ಕೆ ಹೊರಟು ಮಧ್ಯಾಹ್ನ 12.30ಕ್ಕೆ ಲಂಡನ್ ತಲುಪುವುದೆಂದು ಟಿಕೆಟ್ಟಿನಲ್ಲಿ ಓದಿ, ನಾನೂ ಒಮ್ಮೆ ನನ್ನ ತಾಯಿಗೆ "ಐದೂವರೆ ಗಂಟೆ ಅಷ್ಟೇ" ಎಂದು ಧೈರ್ಯ ಹೇಳಿದ್ದೆ. ಆ ಮಾತನ್ನು ಅವರು ಇನ್ನೂ ಮರೆತಿಲ್ಲ.

ಟಿಕೆಟ್ಟಿನಲ್ಲಿರುವ ಎರಡೂ ಹೊತ್ತುಗಳು ಆಯಾ ಊರಿನ ಗಡಿಯಾರದವು. ಚಳಿಗಾಲದಲ್ಲಿ ಲಂಡನ್ ನಮಗಿಂತ 5.30 ಗಂಟೆ ಹಿಂದಿರುತ್ತದೆ; ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಅಂತರ 4.30 ಗಂಟೆಗೆ ಇಳಿಯುತ್ತದೆ. ಆದ್ದರಿಂದ ಇಳಿಯುವ ಹೊತ್ತನ್ನು ಮೊದಲು ನಮ್ಮ ಗಡಿಯಾರಕ್ಕೆ ತಂದುಕೊಂಡು ಬಳಿಕ ಕಳೆಯಬೇಕು. ಚಳಿಗಾಲದ 12.30 ಎಂದರೆ ನಮಗೆ ಸಂಜೆ 6 ಗಂಟೆ. ಪ್ರಯಾಣ 11 ಗಂಟೆಯದು.

ಟಿಕೆಟ್ ಕೈಗೆ ಬರುವ ಮೊದಲೇ ಅಂದಾಜು ಬೇಕಿದ್ದರೆ ಶಾಲೆಯ ಗ್ಲೋಬು ಮತ್ತು ಒಂದು ದಾರ ಸಾಕು. ಗೋಡೆಯ ನಕ್ಷೆಯ ಮೇಲೆ ಸ್ಕೇಲಿಟ್ಟು ಅಳೆಯಬಾರದು, ಏಕೆಂದರೆ ಚಪ್ಪಟೆ ನಕ್ಷೆಯ ನೇರ ಗೆರೆ ಉರುಟಾದ ಭೂಮಿಯ ಮೇಲೆ ಅತಿ ಹತ್ತಿರದ ದಾರಿಯಾಗಿರುವುದಿಲ್ಲ. 30 ಸೆಂ.ಮೀ. ವ್ಯಾಸದ ಗ್ಲೋಬಿನ ಸುತ್ತಳತೆ ಸುಮಾರು 94 ಸೆಂ.ಮೀ., ಭೂಮಿಯದು ಸುಮಾರು 40,000 ಕಿ.ಮೀ.; ಅಂದರೆ ದಾರದ ಒಂದು ಸೆಂ.ಮೀ.ಗೆ ಸುಮಾರು 425 ಕಿ.ಮೀ. ಬೆಂಗಳೂರಿನಿಂದ ಲಂಡನ್‌ಗೆ ದಾರವನ್ನು ಬಿಗಿಯಾಗಿ ಎಳೆದರೆ 19 ಸೆಂ.ಮೀ. ಆಸುಪಾಸು ಬರುತ್ತದೆ, ಅಂದರೆ 8,000 ಕಿ.ಮೀ. ಅದೇ ದಾರವನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಎಳೆದು ನೋಡಿ. ಅದು ಪೆಸಿಫಿಕ್ ಸಾಗರವನ್ನು ಬಿಟ್ಟು ಉತ್ತರ ಧ್ರುವದ ಬಳಿಗೆ ಜಾರುತ್ತದೆ.

ದೂರವನ್ನು ವಿಮಾನದ ವೇಗದಿಂದ, ಅಂದರೆ ಗಂಟೆಗೆ ಸುಮಾರು 850 ಕಿ.ಮೀ.ಯಿಂದ ಭಾಗಿಸಿ, ವಿಮಾನ ಮೇಲೇರಲು ಮತ್ತು ಕೆಳಗಿಳಿಯಲು ಅರ್ಧ ಗಂಟೆ ಕೂಡಿಸಿದರೆ ಹಾರಾಟದ ಅಂದಾಜು ಸಿಗುತ್ತದೆ. ಲಂಡನ್‌ಗೆ ಅದು ಸುಮಾರು 10 ಗಂಟೆ. ಟಿಕೆಟ್ಟಿನಲ್ಲಿ ಇನ್ನೂ ಹೆಚ್ಚು ಕಾಣಲು ಕಾರಣಗಳಿವೆ: ವಿಮಾನ ನೆಲದ ಮೇಲೆ ಸಾಗುವ ಹೊತ್ತೂ ಅದರಲ್ಲಿ ಸೇರಿರುತ್ತದೆ, ಮೇಲಿನ ಆಕಾಶದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಲವಾದ ಗಾಳಿ ಹೋಗುವಾಗ ಎದುರಾಗುತ್ತದೆ, ಬರುವಾಗ ಬೆನ್ನಿಗೆ ಸಿಗುತ್ತದೆ. ದಾರಿಯೂ ದಾರದಷ್ಟು ನೇರವಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿದಾಗ ಪಶ್ಚಿಮದ ಅನೇಕ ಹಾದಿಗಳು ಉದ್ದವಾದವು.

ಹಾಸನದವರು ಸಾಮಾನ್ಯವಾಗಿ ಲೆಕ್ಕಕ್ಕೆ ಸೇರಿಸಲು ಮರೆಯುವುದು ನೆಲದ ದಾರಿಯನ್ನು. ಚನ್ನರಾಯಪಟ್ಟಣ, ಬೆಳ್ಳೂರು ಕ್ರಾಸ್, ಕುಣಿಗಲ್ ದಾಟಿ, ನೆಲಮಂಗಲದಲ್ಲಿ ದೊಡ್ಡಬಳ್ಳಾಪುರದ ಕಡೆಗೆ ತಿರುಗಿದರೆ ಬೆಂಗಳೂರಿನ ಒಳಗೆ ಸಿಲುಕದೆ ದೇವನಹಳ್ಳಿ ತಲುಪಬಹುದು, 200 ಕಿ.ಮೀ.ಗೆ ತುಸು ಹೆಚ್ಚಾದ ಈ ದಾರಿಗೆ, ಬೆಳ್ಳೂರು ಕ್ರಾಸಿನ ಕಾಫಿಯೂ ಸೇರಿ, ನಾಲ್ಕೂವರೆ ಗಂಟೆ ಇಟ್ಟುಕೊಳ್ಳುವುದು ಕ್ಷೇಮ. ಅಂತರರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮುಂಚೆ ಅಲ್ಲಿರಬೇಕು. ಹಾಗಾಗಿ ಬೆಳಿಗ್ಗೆ 7ರ ವಿಮಾನಕ್ಕೆ ಹಿಂದಿನ ರಾತ್ರಿ 11.30ಕ್ಕೇ ಮನೆಗೆ ಬೀಗ ಹಾಕಬೇಕು, ಮತ್ತು ಟಿಕೆಟ್ಟಿನ 11 ಗಂಟೆ ಮನೆಯಿಂದ ಎಣಿಸಿದಾಗ ಹದಿನೆಂಟೂವರೆ ಆಗುತ್ತದೆ. ಮಾತ್ರೆಗಳನ್ನೂ ಊಟವನ್ನೂ ಈ ಹದಿನೆಂಟೂವರೆಯ ಲೆಕ್ಕದಲ್ಲೇ ಕಟ್ಟಿಕೊಳ್ಳಿ.