ಅರವತ್ತು ಸಾವಿರದ ಗೇಮಿಂಗ್ ಪಿಸಿ: ನಾನು ಲೆಕ್ಕ ಶುರು ಮಾಡಿದ್ದು ಮಾನಿಟರ್‌ನಿಂದ

2023ರ ಆಗಸ್ಟ್‌ನಲ್ಲಿ ನನ್ನ ಕೈಯಲ್ಲಿ 60,000 ರೂಪಾಯಿ ಇತ್ತು. ಎರಡು ವರ್ಷ ಸಂಬಳದಲ್ಲಿ ಸ್ವಲ್ಪ ಸ್ವಲ್ಪವೇ ಎತ್ತಿಟ್ಟ ದುಡ್ಡು. ಅಷ್ಟರಲ್ಲಿ ಮಾನಿಟರ್ ಸೇರಿ ಪೂರ್ತಿ ಗೇಮಿಂಗ್ ಕಂಪ್ಯೂಟರ್ ಆಗಬೇಕಿತ್ತು. ಕೀಬೋರ್ಡು, ಮೌಸು ಹಳೆಯದೇ ಸಾಕು ಅಂದುಕೊಂಡಿದ್ದೆ. "ಇಷ್ಟು ದುಡ್ಡಿಗೆ ಒಂದು ಒಳ್ಳೆ ಸೆಕೆಂಡ್ ಹ್ಯಾಂಡ್ ಬೈಕ್ ಬರ್ತಿತ್ತಲ್ಲೋ" ಅಂತ ಅಪ್ಪ ಒಂದೇ ಸಲ ಅಂದರು. ಆಮೇಲೆ ಆ ಮಾತು ಎತ್ತಲಿಲ್ಲ. ಅವರು ಸುಮ್ಮನಾದದ್ದಕ್ಕೇ ಒಂದು ರೂಪಾಯಿಯೂ ದಂಡ ಆಗಬಾರದು ಅನ್ನುವ ಹಟ ನನಗೆ ಹುಟ್ಟಿತು.

ಮೊದಲ ಪಟ್ಟಿಯನ್ನು ಎಲ್ಲರ ಹಾಗೆ ಪ್ರೊಸೆಸರ್‌ನಿಂದ ಶುರು ಮಾಡಿದೆ. ರೈಜೆನ್ 5 5600 ಬರೆದೆ, ಅದಕ್ಕೆ ಒಳ್ಳೆ ಬೋರ್ಡ್ (ಎಲ್ಲ ಭಾಗಗಳನ್ನು ಕೂರಿಸುವ ಮದರ್‌ಬೋರ್ಡ್) ಬರೆದೆ, ಬಣ್ಣದ ಲೈಟ್ ಇರುವ ಕ್ಯಾಬಿನೆಟ್ ಬರೆದೆ. ಕೊನೆಗೆ ಗ್ರಾಫಿಕ್ಸ್ ಕಾರ್ಡಿಗೆ ಉಳಿದದ್ದು ಹನ್ನೆರಡು ಸಾವಿರ ಚಿಲ್ಲರೆ. ಆ ದುಡ್ಡಿಗೆ 4 ಜಿಬಿಯ ಜಿಟಿಎಕ್ಸ್ 1650 ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಪಟ್ಟಿಯನ್ನು ಗೆಳೆಯನಿಗೆ ತೋರಿಸಿದೆ. ಅವನು ಪಾರ್ಟುಗಳನ್ನು ನೋಡಲೇ ಇಲ್ಲ. "ಯಾವ ಮಾನಿಟರ್‌ನಲ್ಲಿ ಆಡ್ತೀಯ ಮಾರಾಯ, ಅದು ಹೇಳು ಮೊದಲು" ಅಂದ.

ಆ ಪ್ರಶ್ನೆಯಿಂದ ಪಟ್ಟಿ ತಲೆಕೆಳಗಾಯಿತು. 1080ಪಿ ಪರದೆಯಲ್ಲಿ 1920 ಅಡ್ಡ, 1080 ಉದ್ದ. ಗುಣಿಸಿದರೆ ಸುಮಾರು 20.7 ಲಕ್ಷ ಚುಕ್ಕೆ. 1440ಪಿ ಆದರೆ ಸುಮಾರು 37 ಲಕ್ಷ. 4ಕೆ ಆದರೆ 83 ಲಕ್ಷ. ಒಂದೊಂದು ಫ್ರೇಮಿಗೂ, ಅಂದರೆ ಒಂದೊಂದು ಚಿತ್ರಕ್ಕೂ, ಗ್ರಾಫಿಕ್ಸ್ ಕಾರ್ಡ್ ಇಷ್ಟೂ ಚುಕ್ಕೆಗೆ ಬಣ್ಣ ತುಂಬಬೇಕು. ಮಾನಿಟರ್ 75 ಹರ್ಟ್ಸ್ ಅಂದರೆ ಅದು ಸೆಕೆಂಡಿಗೆ ತೋರಿಸುವುದೇ 75 ಚಿತ್ರ. ಅದಕ್ಕಿಂತ ತುಂಬ ಜಾಸ್ತಿ ಫ್ರೇಮ್‌ಗೆ ದುಡ್ಡು ಸುರಿದರೆ ಅದು ನನ್ನ ಕಣ್ಣಿಗೆ ಬೀಳುವುದೇ ಇಲ್ಲ. ನಾನು ಆಡಬೇಕು ಅಂದುಕೊಂಡಿದ್ದು ರೆಡ್ ಡೆಡ್ ರಿಡೆಂಪ್ಶನ್ 2, ಫೋರ್ಜಾ ಹೊರೈಜನ್ 5, ಗೆಳೆಯರ ಜೊತೆ ವ್ಯಾಲೊರಂಟ್ ಅನ್ನುವ ಶೂಟಿಂಗ್ ಆಟ. ಕಥೆ ಇರುವ ಆಟ, ಕಾರಿನ ಆಟಗಳೇ ಜಾಸ್ತಿ. ಹಾಗಾಗಿ 24 ಇಂಚಿನ 1080ಪಿ, 75 ಹರ್ಟ್ಸ್ ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಸರಿಯಾಗಿ ಕಾಣುವ ಬಗೆ) ಮಾನಿಟರ್ ಅಂತ ತೀರ್ಮಾನಿಸಿದೆ. 8,400 ರೂಪಾಯಿ. ದಿನವಿಡೀ ವ್ಯಾಲೊರಂಟನ್ನೇ ಆಡುವವರಾದರೆ ನನ್ನ ಆಯ್ಕೆ ನಿಮಗೆ ಹೊಂದುವುದಿಲ್ಲ. ಸ್ವಲ್ಪ ಹೆಚ್ಚು ಹಾಕಿ 144 ಹರ್ಟ್ಸ್ ತೆಗೆದುಕೊಳ್ಳಿ, ಆ ದುಡ್ಡನ್ನು ಕಾರ್ಡಿನಲ್ಲಿ ಕಡಿಮೆ ಮಾಡಿ. ಆ ಆಟಕ್ಕೆ ದೊಡ್ಡ ಕಾರ್ಡ್ ಬೇಡ.

ಎರಡನೆಯದು ಗ್ರಾಫಿಕ್ಸ್ ಕಾರ್ಡ್. 2021ರಲ್ಲಿ ಕಾರ್ಡುಗಳ ಬೆಲೆ ಕೇಳುವ ಹಾಗೇ ಇರಲಿಲ್ಲ. ಕ್ರಿಪ್ಟೋ ಮೈನಿಂಗ್ ಮಾಡುವವರು, ಅಂದರೆ ಕಾರ್ಡಿನಿಂದ ಲೆಕ್ಕ ಮಾಡಿಸಿ ಡಿಜಿಟಲ್ ನಾಣ್ಯ ಗಳಿಸುವವರು, ಗಂಟುಗಟ್ಟಲೆ ಖರೀದಿ ಮಾಡುತ್ತಿದ್ದರು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಅನ್ನುವ ನಾಣ್ಯದ ಮೈನಿಂಗ್ ನಿಂತ ಮೇಲೆ ಕಾರ್ಡುಗಳಿಗೆ ಆ ಬೇಡಿಕೆ ಹೋಯಿತು. ಬಳಸಿದ ಕಾರ್ಡುಗಳು ರಾಶಿ ರಾಶಿ ಮಾರಾಟಕ್ಕೆ ಬಂದವು. ನನಗೂ 8 ಜಿಬಿ ಆರ್‌ಎಕ್ಸ್ 580 ಆರೂವರೆ ಸಾವಿರಕ್ಕೆ ಸಿಗುತ್ತಿತ್ತು. ಆಸೆ ಆಗಿದ್ದು ನಿಜ. ಆದರೆ ಬಿಲ್ ಇಲ್ಲ, ವಾರಂಟಿ ಇಲ್ಲ. ಅದರಲ್ಲೂ 580ರ ಹೆಸರಲ್ಲಿ ಎರಡು ಬಗೆಯ ಕಾರ್ಡುಗಳಿವೆ. ಒಂದರಲ್ಲಿ 2304 ಕೋರ್ (ಲೆಕ್ಕ ಮಾಡುವ ಘಟಕ), ಇನ್ನೊಂದರಲ್ಲಿ 2048. ಮಾರುವವರು ಎರಡನ್ನೂ 580 ಅಂತಲೇ ಹೇಳುತ್ತಾರೆ. ಬೇಡ ಅಂತ ಬಿಟ್ಟೆ.

ಹೊಸದರಲ್ಲಿ ನನ್ನ ಮುಂದೆ ಇದ್ದದ್ದು ಎರಡೇ. ಆರ್‌ಟಿಎಕ್ಸ್ 3050 ಮತ್ತು ಆರ್‌ಎಕ್ಸ್ 6600. ಎರಡರಲ್ಲೂ 8 ಜಿಬಿ ಮೆಮೊರಿ, ಬೆಲೆಯೂ ಹತ್ತಿರ ಹತ್ತಿರ. ಹೆಸರು ಕೇಳಿ ತೆಗೆದುಕೊಳ್ಳುವವರೆಲ್ಲ 3050 ಅನ್ನುತ್ತಿದ್ದರು. ರೇ ಟ್ರೇಸಿಂಗ್ (ಬೆಳಕು ನೆರಳನ್ನು ನಿಜದ ಹಾಗೆ ತೋರಿಸುವ ತಂತ್ರ) ಬಿಟ್ಟು ಮಾಮೂಲಿ ಆಟಗಳಲ್ಲಿ 6600 ಎದ್ದು ಕಾಣುವಷ್ಟು ಮುಂದೆ. ಲೈವ್ ಸ್ಟ್ರೀಮ್ ಮಾಡುವ ಕೆಲಸ ಇದ್ದಿದ್ದರೆ 3050 ಕಡೆ ನೋಡುತ್ತಿದ್ದೆನೋ ಏನೋ, ನನಗೆ ಆ ಕೆಲಸ ಇಲ್ಲ. 21,900ಕ್ಕೆ 6600 ಅಂತ ಬರೆದುಕೊಂಡೆ. ಒಟ್ಟು ಬಜೆಟ್ಟಿನ ಮೂರನೇ ಒಂದು ಪಾಲಿಗಿಂತ ಜಾಸ್ತಿ ಇದೊಂದಕ್ಕೇ ಹೋಯಿತು, ಹೋಗಲೇಬೇಕು.

ಮೂರನೆಯದು ಪವರ್ ಸಪ್ಲೈ, ಮನೆಯ ಕರೆಂಟನ್ನು ಪಾರ್ಟುಗಳಿಗೆ ಬೇಕಾದ ಹಾಗೆ ಮಾಡಿ ಕೊಡುವ ಡಬ್ಬಿ. ಅಂಗಡಿಯವರ ಮಾತಲ್ಲಿ ಎಸ್‌ಎಂಪಿಎಸ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ದುಡ್ಡು ಉಳಿಸೋಣ ಅಂತ ಹೆಚ್ಚಿನವರು ಕೈ ಹಾಕುವುದು ಇದಕ್ಕೇ.

ತಾಳಗುಪ್ಪ–ಮೈಸೂರು ರೈಲಿನಲ್ಲಿ ರಾತ್ರಿ ಸಾಗರದಿಂದ ಹೊರಟು ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿದೆ. ಅಂಗಡಿ ತೆರೆಯುವ ಹೊತ್ತಿಗೆ ಕಂಪ್ಯೂಟರ್ ಪಾರ್ಟುಗಳ ಅಂಗಡಿಗಳಿರುವ ಎಸ್‌ಪಿ ರೋಡ್‌ನಲ್ಲಿದ್ದೆ. ಶನಿವಾರವೇ ಹೋಗಿದ್ದೆ, ಭಾನುವಾರ ಅಲ್ಲಿ ಹೆಚ್ಚಿನ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಒಂದು ಅಂಗಡಿಯಲ್ಲಿ ಪಟ್ಟಿ ಕೊಟ್ಟ ಕೂಡಲೇ, "ಸರ್, ಕ್ಯಾಬಿನೆಟ್ ಜೊತೆಗೇ 450 ವ್ಯಾಟ್ ಎಸ್‌ಎಂಪಿಎಸ್ ಬರುತ್ತೆ. ಬೇರೆ ಯಾಕೆ?" ಅಂದರು. ಆ ಡಬ್ಬಿಯನ್ನು ತಿರುಗಿಸಿ ಪಕ್ಕದ ಲೇಬಲ್ ನೋಡಿದೆ. ಮೇಲೆ ದಪ್ಪಕ್ಷರದಲ್ಲಿ 450. ಕೆಳಗೆ ಸಣ್ಣ ಕೋಷ್ಟಕದಲ್ಲಿ 12 ವೋಲ್ಟ್ ಅನ್ನುವ ಸಾಲಿನಲ್ಲಿ 16 ಆಂಪ್ಸ್. 12 ಇಂಟು 16 ಅಂದರೆ 192 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕರೆಂಟ್ ತೆಗೆದುಕೊಳ್ಳುವುದು ಈ 12 ವೋಲ್ಟಿನ ಸಾಲಿನಿಂದಲೇ. 6600 ಕಾರ್ಡೊಂದೇ 132 ವ್ಯಾಟ್ ಎಳೆಯುತ್ತದೆ. ಪ್ರೊಸೆಸರ್ (ಕೊನೆಗೆ ನಾನು ಆರಿಸಿದ ಐ3, ಅದರ ಮಾತು ಮುಂದೆ ಬರುತ್ತದೆ) ಪೂರ್ತಿ ಓಡುವಾಗ 89ರ ತನಕ ಹೋಗಬಹುದು. ಎರಡೂ ಕೂಡಿದರೆ 221. ಆ ಡಬ್ಬಿಯಲ್ಲಿ ಅಷ್ಟು ಶಕ್ತಿ ಇಲ್ಲ ಅಂತ ಅದರ ಲೇಬಲ್ಲೇ ಹೇಳುತ್ತಿತ್ತು. ನಾಲ್ಕು ಅಂಗಡಿ ಆಚೆ 550 ವ್ಯಾಟಿನ 80 ಪ್ಲಸ್ ಬ್ರಾಂಜ್ (ಕರೆಂಟ್ ಕಡಿಮೆ ಪೋಲು ಮಾಡುತ್ತದೆ ಅನ್ನುವ ದರ್ಜೆ) ಸಿಕ್ಕಿತು. ಅದರಲ್ಲಿ 12 ವೋಲ್ಟಿಗೆ 45 ಆಂಪ್ಸ್, ಅಂದರೆ 540 ವ್ಯಾಟ್. 4,300 ಕೊಟ್ಟೆ. ಎಸ್‌ಪಿ ರೋಡ್ ಇರಲಿ, ನಿಮ್ಮೂರ ಅಂಗಡಿ ಇರಲಿ, ಆ ಸಣ್ಣ ಕೋಷ್ಟಕ ನೋಡದೆ ಪವರ್ ಸಪ್ಲೈ ತೆಗೆದುಕೊಳ್ಳಬೇಡಿ.

ಈಗ ಉಳಿದದ್ದು 25,400. ಇಷ್ಟರಲ್ಲಿ ಪ್ರೊಸೆಸರ್, ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಕ್ಯಾಬಿನೆಟ್. 5600ರ ಆಸೆ ಬಿಟ್ಟು ಐ3-12100ಎಫ್ ಆರಿಸಿದೆ, 8,700. ನಾಲ್ಕೇ ಕೋರ್, ಎಂಟು ಥ್ರೆಡ್. ಐ3 ಅಂದ ಕೂಡಲೇ ಮೂಗು ಮುರಿಯುವವರು ಇದ್ದಾರೆ. 1080ಪಿಯಲ್ಲಿ 75 ಫ್ರೇಮಿನ ಗುರಿಗೆ, 6600ರ ಜೊತೆಗೆ, ಇದು ಸಾಕು. ನನ್ನ ಆಟಗಳಲ್ಲಿ ಮೊದಲು ಸುಸ್ತಾಗುವುದು ಕಾರ್ಡೇ ಹೊರತು ಪ್ರೊಸೆಸರ್ ಅಲ್ಲ. ಡಬ್ಬಿಯಲ್ಲಿ ಬರುವ ಬಾಕ್ಸ್ ಪೀಸನ್ನೇ ಕೇಳಿ ಪಡೆದೆ. ಡಬ್ಬಿ ಇಲ್ಲದೆ ಬಿಡಿಯಾಗಿ ಬರುವ ಟ್ರೇ ಪೀಸ್ ಐನೂರು ಆರುನೂರು ಕಡಿಮೆಗೆ ಸಿಗುತ್ತಿತ್ತು, ಆದರೆ ಅದಕ್ಕೆ ಕೂಲರ್ ಇಲ್ಲ, ಕಂಪನಿಯ ಮೂರು ವರ್ಷದ ವಾರಂಟಿಯೂ ಇಲ್ಲ. ಎಚ್610 ಬೋರ್ಡ್ 6,600. 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಸ್ಟಿಕ್ 3,700. 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ 2,900. ಮುಂದೆ ಜಾಲರಿ ಇರುವ, ಗಾಳಿ ಆಡುವ ಕ್ಯಾಬಿನೆಟ್ 2,800. ಎಲ್ಲ ಸೇರಿ 59,300. ಪ್ರತಿಯೊಂದಕ್ಕೂ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಮಾಡಿಸಿಕೊಂಡೆ.

ರ‍್ಯಾಮ್ ಬೆಲೆಯಂತೂ ಇವತ್ತು ಹೀಗಿಲ್ಲ, ಉಳಿದವೂ 2023ರ ಬೆಲೆಗಳೇ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್‌ಗಳು ಹೋಗಿ ಹೋಗಿ ನಮ್ಮಂಥವರು ಕೊಳ್ಳುವ ಸ್ಟಿಕ್‌ಗಳ ಬೆಲೆ ವಿಪರೀತ ಏರಿದೆ. ಈಗ ಪಟ್ಟಿ ಮಾಡುವವರು ನನ್ನ ಲೆಕ್ಕದ ಕ್ರಮ ಇಟ್ಟುಕೊಳ್ಳಿ, ಅಂಕಿಗಳನ್ನು ಹೊಸದಾಗಿ ಹಾಕಿಕೊಳ್ಳಿ.

ಜೋಡಿಸಿದ್ದು ಮನೆಯ ಊಟದ ಮೇಜಿನ ಮೇಲೆ. ಪ್ರೊಸೆಸರ್ ಇಟ್ಟು ಲಿವರ್ ಒತ್ತುವಾಗ ಕರಕರ ಸದ್ದು ಬರುತ್ತದೆ, ಮುರಿದೇ ಹೋಯಿತು ಅನ್ನಿಸುತ್ತದೆ. ಹೆದರಬೇಡಿ, ಅದು ಹಾಗೇ. ಕೂಲರಿನ ನಾಲ್ಕು ಪಿನ್‌ಗಳಲ್ಲಿ ಒಂದು ನನಗೆ ಸರಿಯಾಗಿ ಕೂತಿರಲಿಲ್ಲ. ಬೋರ್ಡನ್ನು ಮಗುಚಿ ಹಿಂದಿನಿಂದ ನೋಡಿದಾಗಲೇ ಗೊತ್ತಾದದ್ದು. ಮೂರು ಪಿನ್ ಹೊರಗೆ ಅರಳಿ ನಿಂತಿದ್ದವು, ನಾಲ್ಕನೆಯದು ತೂತಿನೊಳಗೇ ಇತ್ತು. ಬೋರ್ಡನ್ನು ಕ್ಯಾಬಿನೆಟ್ಟಿಗೆ ಸ್ಕ್ರೂ ಹಾಕುವ ಮೊದಲೇ ಇದನ್ನು ನೋಡಿಕೊಳ್ಳಬೇಕು.

ಎಲ್ಲ ಮುಗಿಸಿ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಮುಕ್ಕಾಲು ಗಂಟೆ ರ‍್ಯಾಮ್ ತೆಗೆದು ಹಾಕಿ, ಕಾರ್ಡ್ ತೆಗೆದು ಹಾಕಿ ಸಾಕಾಯಿತು. ಕೊನೆಗೆ ನೋಡಿದರೆ ಎಚ್‌ಡಿಎಂಐ ಕೇಬಲ್ಲನ್ನು ಬೋರ್ಡಿನ ಕಿಂಡಿಗೆ ಹಾಕಿದ್ದೆ. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ ಎಫ್ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ, ಬೋರ್ಡಿನ ಕಿಂಡಿಗೆ ಜೀವವೇ ಇರುವುದಿಲ್ಲ. ಕಾರ್ಡಿನ ಕಿಂಡಿಗೆ ಹಾಕಿದ ಕೂಡಲೇ ಪರದೆ ಬೆಳಗಿತು. ಮಾರನೇ ದಿನ ಇನ್ನೆರಡು ವಿಷಯ ಕಣ್ಣಿಗೆ ಬಿತ್ತು. 3200ರ ರ‍್ಯಾಮ್ 2666ರಲ್ಲಿ ಓಡುತ್ತಿತ್ತು, ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅನ್ನುವ, ಮೆಮೊರಿಯನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಸೆಟ್ಟಿಂಗ್ ಆನ್ ಮಾಡಿದೆ. ಮಾನಿಟರ್ 60 ಹರ್ಟ್ಸ್‌ನಲ್ಲೇ ನಿಂತಿತ್ತು, ವಿಂಡೋಸ್ ಸೆಟ್ಟಿಂಗ್‌ನಲ್ಲಿ 75 ಮಾಡಿದೆ. ಎರಡೂ ನಾನು ದುಡ್ಡು ಕೊಟ್ಟು ತಂದದ್ದೇ ಅಲ್ವಾ.

ಮೂರನೇ ದಿನ ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದೆ. ಬೆರಳ ತುದಿಗೆ ಜುಮ್ ಅಂತು. ಟೆಸ್ಟರ್ ಹಚ್ಚಿದರೆ ಸಣ್ಣಗೆ ಉರಿಯಿತು. ಪವರ್ ಸಪ್ಲೈ ಹಾಳು ಅಂತ ವಾಪಸ್ ಕಳಿಸುವವನಿದ್ದೆ. ಪರಿಚಯದ ಎಲೆಕ್ಟ್ರಿಷಿಯನ್ ಬಂದು ಮಲ್ಟಿಮೀಟರ್ ಹಿಡಿದರು. ಫೇಸ್ ಮತ್ತು ಅರ್ತ್ ನಡುವೆ 230 ಹತ್ತಿರ ಬರಬೇಕಾದಲ್ಲಿ 140 ತೋರಿಸಿತು. "ತಮ್ಮಾ, ಡಬ್ಬಿ ಸರಿ ಇದೆ, ನಿಮ್ಮನೆ ಅರ್ತ್ ಸತ್ತಿದೆ" ಅಂದರು. ಪವರ್ ಸಪ್ಲೈ ಒಳಗೆ ಕರೆಂಟಿನ ಗಲೀಜು ಸೋಸುವ ಸಣ್ಣ ಕೆಪಾಸಿಟರ್‌ಗಳು ಇರುತ್ತವೆ. ಅವು ಚೂರು ಕರೆಂಟನ್ನು ಅರ್ತ್ ತಂತಿಗೆ ಬಿಡುತ್ತವೆ. ಅರ್ತ್ ಸರಿ ಇಲ್ಲದಿದ್ದರೆ ಅದು ಕ್ಯಾಬಿನೆಟ್ಟಿನ ತಗಡಲ್ಲೇ ನಿಲ್ಲುತ್ತದೆ. ಹಿತ್ತಲಲ್ಲಿ ಹೊಸ ಗುಂಡಿ ತೆಗೆಸಿ, ಪೈಪ್ ಇಳಿಸಿ, ಇದ್ದಿಲು ಉಪ್ಪು ತುಂಬಿಸಿದೆವು. ಎರಡು ಸಾವಿರದ ಮುನ್ನೂರು ಖರ್ಚಾಯಿತು. ಜುಮ್ ಅನ್ನುವುದು ನಿಂತಿತು. ಮಿಕ್ಸಿ, ವಾಷಿಂಗ್ ಮಷಿನ್ನಿಗೂ ಅದರಿಂದ ಒಳ್ಳೆಯದಾಯಿತು, ಈ ಖರ್ಚಿಗೆ ಅಪ್ಪ ತಾವೇ ದುಡ್ಡು ಕೊಟ್ಟರು.

ಯುಪಿಎಸ್ ಕೂಡ ನನ್ನ 60,000ದ ಲೆಕ್ಕದಲ್ಲಿ ಇರಲಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋಗಿ ಬರುವುದಕ್ಕೆ ಲೆಕ್ಕ ಇಲ್ಲ. ಇದನ್ನು ಪಟ್ಟಿಗೆ ಮೊದಲೇ ಸೇರಿಸಬೇಕಿತ್ತು, ಅದು ನನ್ನ ತಪ್ಪು. ಮುಂದಿನ ತಿಂಗಳ ಸಂಬಳದಲ್ಲಿ 600 ವಿಎ ತಂದೆ, ಅದು 360 ವ್ಯಾಟ್ ತಡೆಯುತ್ತದೆ. ಆಟ ಸೇವ್ ಮಾಡಿ ಮುಚ್ಚುವಷ್ಟು ಹೊತ್ತು ಸಿಗುತ್ತದೆ, ನನಗೆ ಅಷ್ಟೇ ಬೇಕಿತ್ತು. 500 ಜಿಬಿಯೂ ಬೇಗ ತುಂಬಿತು. ರೆಡ್ ಡೆಡ್ ಒಂದೇ 120 ಜಿಬಿ ಮೇಲೆ ನುಂಗುತ್ತದೆ. ಆಗಿನ ಬೆಲೆಗೆ ಮತ್ತೆ ಮಾಡುವುದಾದರೆ ಕ್ಯಾಬಿನೆಟ್ಟಿನಲ್ಲಿ ಸಾವಿರ ಇಳಿಸಿ 1 ಟಿಬಿ ಕಡೆ ಹೋಗುತ್ತಿದ್ದೆ.

ಈಗಲೂ ರೆಡ್ ಡೆಡ್ 60 ಫ್ರೇಮಿನ ಮೇಲೆ ಓಡುತ್ತದೆ. ಮಂಜು ಬಿದ್ದ ಬೆಟ್ಟದಲ್ಲಿ ಕುದುರೆ ಓಡಿಸುವಾಗ ಎಲ್ಲೂ ತಡವರಿಸುವುದಿಲ್ಲ. ಮುಂದೆ ಬೇಕಾದರೆ ಇದೇ ಬೋರ್ಡಿಗೆ ಐ5-12400ಎಫ್ ಕೂರಿಸಬಹುದು, ಸದ್ಯಕ್ಕೆ ಅವಸರ ಇಲ್ಲ. ಏಪ್ರಿಲ್ ಬಂತು ಅಂದರೆ ಸಂಜೆ ಸಿಡಿಲು. ಮೊದಲ ಗುಡುಗಿಗೇ ಅಮ್ಮ ಅಡುಗೆಮನೆಯಿಂದ "ವೈರ್ ತೆಗೆದ್ಯಾ?" ಅಂತ ಕೂಗುತ್ತಾರೆ. ನಾನು ಎದ್ದು ಪ್ಲಗ್ ಕೀಳುತ್ತೇನೆ, ಇಂಟರ್ನೆಟ್ಟಿನ ಲ್ಯಾನ್ ವೈರನ್ನೂ ಕೀಳುತ್ತೇನೆ.